ಕಣ್ಣು ಕಾಣದೋರಿಗೆ ನಾಟಕ, ಕಿನ್ನಾಳ ಗೊಂಬಿ ಮುಟ್ಟಿಸೋದು ಹೆಂಗ?

ನಮ್ಮ ಸೋದರಮಾವಗ ಸಕ್ಕರಿ ಕಾಯಿಲೆಯಿಂದ ಕಣ್ಣು ಹೋಗಿ ಎಂಟು ವರ್ಷ ಆತು, ಆದ್ರೂ ಕೊಪ್ಪಳದ ಸುತ್ತ ಎಲ್ಲಿ ನಾಟಕ ಅಂದ್ರೂ ಅವರು ಮುಂದ. ಮಾತು, ಹಾಡು, ಪೇಟಿ ಎಲ್ಲಾ ನಮಗಿಂತ ಚೊಲೊ ಹಿಡೀತಾರ. ಒಮ್ಮೆ ಊರ ನಾಟಕದಾಗ ಗೌಡನ ಪಾತ್ರದವ ಒಂದು ಮಾತೂ ಆಡದ ಸತ್ತ ಹೆಂಡ್ತಿ ಸೀರಿ ಎತ್ತಿ ಮಾರಿಗೆ ಒತ್ಕೊಂಡು ಮತ್ತ ಪೆಟ್ಟಿಗ್ಯಾಗ ಇಟ್ಟ, ಮಂದಿಯೆಲ್ಲಾ ಗಪ್ ಆದ್ರು, ಮಾಮ ನನ್ನ ತೋಳು ಹಿಡದು "ಏನಾತೋ?" ಅಂದ್ರು, ನಾ "ಆಮ್ಯಾಲ ಹೇಳ್ತೀನಿ ತಡೀರಿ" ಅಂದೆ. ಆಮ್ಯಾಲ ಹೇಳಿದೆ ಖರೆ, ಆದ್ರ ಆ ಗಳಿಗಿ ಹೋಗಿಬಿಟ್ಟಿತ್ತು. ಅವತ್ತಿಂದ ನಮ್ಮ ತಂಡದಾಗ ಮಾಡ್ಕೋತ ಬಂದಿದ್ದನ್ನ ಬರೀತೀನಿ, ನಿಮ್ಮ ಊರಾಗೂ ಮಾಡ್ರಿ.

ಇದಕ್ಕ ಆಡಿಯೋ ಡಿಸ್ಕ್ರಿಪ್ಷನ್ ಅಂತಾರ. ಅಮೆರಿಕದ ವಾಷಿಂಗ್ಟನ್ನಿನ ಅರೇನಾ ಸ್ಟೇಜ್ ಅನ್ನೋ ರಂಗಮಂದಿರದಾಗ 1981ರಿಂದ ಹಿಂಗ ನಾಟಕ ಕೇಳಿಸ್ಲಿಕ್ಕೆ ಹತ್ತಿದ್ರು. ಮಾತಿಲ್ಲದ ಜಾಗದಾಗ ಏನು ನಡದದ ಅನ್ನೋದನ್ನ ಒಬ್ಬರು ಸಣ್ಣ ದನಿಯಾಗ ಇಯರ್‌ಫೋನಿಗೆ ಹೇಳೋದು, ಅಷ್ಟ.

ಹೇಳೋರು ಕನಿಷ್ಠ ಎರಡು ರಿಹರ್ಸಲ್ ನೋಡಬೇಕ್ರಿ. ಸ್ಕ್ರಿಪ್ಟಿನ್ಯಾಗ ಮಾತು ನಿಲ್ಲೋ ಜಾಗಕ್ಕ ಪೆನ್ಸಿಲ್ ಗೀಟು ಹಾಕ್ಕೊರಿ, ಅದರಾಗ ಎಷ್ಟು ಹಿಡಿತದೋ ಅಷ್ಟ ಹೇಳೋದು, ಡೈಲಾಗ್ ಮ್ಯಾಲ ಹಾಡಿನ ಮ್ಯಾಲ ಮಾತು ಹೇರಬಾರದು. ಮತ್ತ ಕಂಡಿದ್ದು ಹೇಳ್ರಿ, ಅರ್ಥ ಹೇಳಬ್ಯಾಡ್ರಿ. "ಗೌಡಗ ಭಾಳ ದುಃಖ ಆತು" ಅಲ್ಲ, "ಗೌಡ ಸೀರಿ ಮಾರಿಗೆ ಒತ್ಕೊಂಡ. ಮಡಚಿದ. ಪೆಟ್ಟಿಗಿ ಮುಚ್ಚಿದ." ದುಃಖ ಕೇಳೋರಿಗೇ ಗೊತ್ತಾಗ್ತದ. ಬಣ್ಣಾನೂ ಹೇಳ್ರಿ, ಮಾಮನಂಗ ಮೊದಲು ಕಂಡೋರು ಭಾಳ ಮಂದಿ ಇರ್ತಾರ, ಹುಟ್ಟಿನಿಂದ ಕಾಣದೋರಿಗೂ ಹಸಿರು ಸೀರಿ ಅಂದ್ರ ಏನು, ಬಿಳಿ ಸೀರಿ ಅಂದ್ರ ಏನು ಗೊತ್ತದ.

ಸಾಮಾನು ದೊಡ್ಡದು ಬೇಕಿಲ್ಲ. ಮೂರು ನಾಕು ಮಂದಿ ಇದ್ರ ಹಿಂದಿನ ಸಾಲಿನ್ಯಾಗ ಕುಂತು ಪಿಸುಮಾತಿಲೆ ಹೇಳಿದ್ರೂ ನಡೀತದ. ಹೆಚ್ಚು ಮಂದಿ ಇದ್ರ ಫೋನಿನ ಕಾನ್ಫರೆನ್ಸ್ ಕಾಲ್, ಒಂದ ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಸ್ಟೇಜಿಗೆ. ಆದ್ರ ಗವಿಮಠದ ಜಾತ್ರಿಯಂಥಾ ಗದ್ದಲದಾಗ ನೆಟ್‌ವರ್ಕ್ ನಂಬಬ್ಯಾಡ್ರಿ, ಸೌಂಡ್ ಸಿಸ್ಟಮ್‌ನೋರಿಗೆ ಹೇಳಿ ಒಂದು ಮೈಕಿನಿಂದ ನಾಕು ಹೆಡ್‌ಫೋನಿಗೆ ವೈರ್ ಎಳಸ್ರಿ.

ನನಗ ಇದಕ್ಕಿಂತ ದೊಡ್ಡದು ಅನಸೋದು ನಾಟಕದ ಮೊದಲಿನ ಅರ್ಧ ತಾಸು. ಎಲ್ಲಾರನ್ನೂ ಸ್ಟೇಜಿಗೆ ಕರಕೊಂಡು ಹೋಗ್ರಿ. ಎಳಕೊಂಡು ಹೋಗಬ್ಯಾಡ್ರಿ, ನಿಮ್ಮ ಮೊಣಕೈ ಅವರು ಹಿಡೀಲಿ. ಬಾಗಲಾ ಎಲ್ಲದ, ಕುರ್ಚಿ ಎಷ್ಟು ಹೆಜ್ಜಿ ದೂರ, ನಡದು ನೋಡ್ಲಿ. ಪಾತ್ರಧಾರಿಗಳು ಒಬ್ಬೊಬ್ಬರಾಗಿ ಬಂದು ಪಾತ್ರದ ದನಿಯಾಗ ಹೆಸರು ಹೇಳ್ಲಿ, ಆಮ್ಯಾಲ ಯಾರು ಮಾತಾಡಾಕತ್ಯಾರ ಅಂತ ಗೊಂದಲ ಇರಂಗಿಲ್ಲ. ದೊಡ್ಡಾಟ ಇದ್ರಂತೂ ಕಿರೀಟ, ಭುಜಕೀರ್ತಿ, ಗೆಜ್ಜಿ ಕೈಗೆ ಕೊಡ್ರಿ. ಮಾಮ ಭುಜಕೀರ್ತಿ ಅಂಚು ಹಿಡದು ಕನ್ನಡಿ ಚೂರು ಒಂದೊಂದ ಎಣಿಸಿಕೋತ ಹೋದ್ರು, ಅವತ್ತು ರಾಕ್ಷಸ ಕುಣಿದಾಗ "ಈಗ ಅದು ಝಗಝಗ ಅಂತಿರಬೇಕಲ್ಲೋ" ಅಂದ್ರು.

ನಾಟಕ ಕಣ್ಣಿದ್ದೋರಿಗಷ್ಟ ಅನ್ನೋದು ನಮ್ಮ ಸೀಮ್ಯಾಗ ನಡಿಯೋ ಮಾತಲ್ರಿ. ಗದಗಿನ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣ್ತಿರಲಿಲ್ಲ, ನಾಟಕ ಬರದ್ರು, ನಾಟ್ಯ ಸಂಘಾನೂ ನಡಸಿದ್ರು.

ಚಿತ್ರ ಶಿಲ್ಪಕ್ಕ ಬಂದ್ರ ಕಿನ್ನಾಳ ಗೊಂಬಿಯಿಂದ ಶುರು ಮಾಡ್ರಿ, ಕೊಪ್ಪಳದಿಂದ ಕಿನ್ನಾಳ ದೂರಿಲ್ಲ. ಗೊಂಬಿ ಹಗೂರ ಕಟಗೀದು, ಕೈಯಾಗ ಎತ್ತಿ ತಿರುಗಿಸಿ ನೋಡಬಹುದು, ಮತ್ತ ಕಲ್ಲಿನ ಪುಡಿ ಅಂಟಿನಾಗ ಕಲಸಿ ಒಡವಿ ಉಬ್ಬಿಸಿರ್ತಾರ, ಹಿಂಗಾಗಿ ಸರ, ಡಾಬು ಎಲ್ಲಾ ಬೆರಳಿಗೇ ಸಿಗ್ತಾವ. ಅವಸರ ಮಾಡಬ್ಯಾಡ್ರಿ. ಬೆರಳು ಒಂದೊಂದ ಚೂರು ಓದಿ ಆಮ್ಯಾಲ ಜೋಡಸ್ತದ, ಗರುಡನ ರೆಕ್ಕಿ ಮುಗೀಲಿಕ್ಕೆ ಐದು ನಿಮಿಷ ಬೇಕಾದ್ರ ಬೇಕು.

ಬರೇ ಚಿತ್ರ ಇದ್ರ ಗೆರಿ ಎಬ್ಬಸಬೇಕು. ದಪ್ಪ ಹಾಳಿ ಮ್ಯಾಲ ಚಿತ್ರದ ಹೊರಗೆರಿಗೆ ಫೆವಿಕಾಲ್ ಹಾಕಿ ಮ್ಯಾಲ ದಾರ ಕೂಡಿಸಿ ರಾತ್ರಿಯೆಲ್ಲಾ ಒಣಗಾಕ ಬಿಡ್ರಿ, ಸೀರಿ ಜಾಗಕ್ಕ ರೇಷ್ಮಿ ತುಂಡು, ನೆಲಕ್ಕ ಗೋಣಿ ತುಂಡು. ಗೆರಿಗೆ ಗೆರಿ ಅಂಟಿದ್ರ ಬೆರಳಿಗೆ ಬರೇ ಗಂಟು ಆಗ್ತದ, ಅದಕ್ಕ ಚಿತ್ರದಾಗಿದ್ದಿದ್ದೆಲ್ಲಾ ತುಂಬಬ್ಯಾಡ್ರಿ, ಮುಖ್ಯ ಎರಡು ಮೂರು ಆಕಾರ ಸಾಕು. ಬೆರಳಿಲೆ ಓದೋ ಉಬ್ಬು ಚುಕ್ಕಿ ಲಿಪಿ ಬ್ರೈಲ್ ಎಲ್ಲಾರಿಗೂ ಬರಂಗಿಲ್ಲ, ಬ್ರೈಲ್ ಚೀಟಿ ಜೊತಿಗೆ ಎರಡು ನಿಮಿಷದ ದನಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕ್ರಿ. ಇಟಗಿ ಮಹಾದೇವ ಗುಡಿಯಂಥಾ ಸಂರಕ್ಷಿತ ಜಾಗದಾಗ ಮುಟ್ಟಸೋಕಿಂತ ಮೊದಲ ಅಲ್ಲಿಯೋರನ್ನ ಕೇಳ್ರಿ. ಅಂಗವಿಕಲರಿಗೂ ಎಲ್ಲಾರಂಗ ಕಲೆ, ಸಂಸ್ಕೃತಿಯೊಳಗ ಪಾಲು ಸಿಗಬೇಕು ಅಂತ 2016ರ ಹಕ್ಕುಗಳ ಕಾಯ್ದೆಯಾಗ ಬರದದ, ಮಾತಾಡುವಾಗ ಅದು ನೆನಪಿರಲಿ.

ಕಡೀಗೆ ಒಂದು. ಶೋಕ್ಕಿಂತ ಮೊದಲ ಕಣ್ಣು ಕಾಣದೋರೊಬ್ಬರಿಗೆ ಪೂರಾ ಕೇಳಿಸಿ ತಿದ್ದಿಸಿಕೊರಿ, ಅದು ಅವರ ಕೆಲಸ, ದುಡ್ಡು ಕೊಡ್ರಿ. ಮಾಮ ನನ್ನ ಸ್ಕ್ರಿಪ್ಟ್ ಕೇಳಿ "ಪೆಟ್ಟಿಗಿ ಮುಚ್ಚಿದ ಅಂತ ಯಾಕ ಹೇಳ್ತೀ, ಸಪ್ಪಳ ನನಗ ಕೇಳಸ್ತದ" ಅಂದ್ರು. ಆ ಸಾಲು ಹೊಡದು ಹಾಕಿದೆ.