ಮಳೆಗಾಲದಲ್ಲಿ ಮಲಗುವ ಗಿಡ

ಇಯೋನಿಯಂ ಅಂದರೆ ದಪ್ಪ ಎಲೆಯಲ್ಲಿ ನೀರು ಹಿಡಿದಿಡುವ ಅಲಂಕಾರದ ಗಿಡ. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಮೊದಲ ಇಯೋನಿಯಂ ಸತ್ತಿದ್ದು ನನ್ನ ಕೈಯಾರೆ. ನೀರು ಕುಡಿಸಿ ಕುಡಿಸಿ ಕೊಂದೆ.

ಡಿಸೆಂಬರಿನಲ್ಲಿ ನರ್ಸರಿಯಿಂದ ತಂದಾಗ ಗೇಣುದ್ದ ಇತ್ತು. ನಾಲ್ಕೈದು ಕೊಂಬೆ. ಪ್ರತಿ ಕೊಂಬೆಯ ತುದಿಗೆ ನೀಲಿ ಬೆರೆತ ಹಸಿರೆಲೆಗಳು ಹೂವಿನ ಹಾಗೆ ಸುತ್ತಿಕೊಂಡಿದ್ದವು. ಎಲೆಯ ಅಂಚಿಗೆ ಕುಂಕುಮದ ಗೆರೆ ಎಳೆದಂತೆ ಕೆಂಪು. ಏಪ್ರಿಲ್ ಬಂತು ನೋಡಿ, ಕೆಳಗಿನ ಎಲೆಗಳು ಕಾಗದದಂತೆ ಒಣಗಿ ಉದುರತೊಡಗಿದವು. ಬಿಚ್ಚಿಕೊಂಡಿದ್ದ ಸುತ್ತುಗಳು ಮುಚ್ಚಿ ಮೊಗ್ಗಾದವು. "ಪಾಪ, ಬಾಯಾರಿದೆ ಕಣೇ" ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತು. ದಿನಾ ಒಂದು ಲೋಟ ಹಾಕಿದೆ. ಉಳಿದದ್ದನ್ನು ಜೂನ್ ಮಳೆ ಮುಗಿಸಿತು. ಕಾಂಡ ಹಿಡಿದರೆ ಬುಡ ಕಪ್ಪಾಗಿ, ನೆನೆಸಿಟ್ಟ ಹುಣಸೆಹಣ್ಣಿನಂತೆ ಬೆರಳಿಗೆ ಮೆತ್ತಿಕೊಂಡಿತು.

ಇದರ ತವರು ಯಾವುದು ಅಂತ ಹುಡುಕಿದ್ದು ಆಮೇಲೆ. ಇದು ಇಯೋನಿಯಂ ಹಾವರ್ಥಿಯೈ. ಆಫ್ರಿಕಾದ ಪಕ್ಕ, ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳಿವೆಯಲ್ಲ, ಅದರಲ್ಲಿ ಟೆನೆರಿಫೆ ಅಂತ ಒಂದು. ಆ ದ್ವೀಪದ ವಾಯವ್ಯ ಮೂಲೆಯ ಟೆನೋ ಬೆಟ್ಟಗಳೇ ಇದರ ಮನೆ. ಜ್ವಾಲಾಮುಖಿಯಿಂದಾದ ಬಂಡೆಗಳ ಸಂದಿನಲ್ಲಿ ಬೇರೂರುತ್ತದೆ. ಅಲ್ಲಿ ಮಳೆ ಬೀಳೋದು ಚಳಿಗಾಲದಲ್ಲಿ, ಬೇಸಿಗೆ ಒಣ. ಹಾಗಾಗಿ ಚಳಿಯಲ್ಲಿ ಬೆಳೆದು ಬೇಸಿಗೆಯಲ್ಲಿ ನಿದ್ದೆ ಹೋಗುತ್ತದೆ. ನಾನು ಮಲಗಿದ್ದವರ ಬಾಯಿಗೆ ನೀರು ಸುರಿದಿದ್ದೆ!

ಒಂದು ತುದಿ ಮಾತ್ರ ಗಟ್ಟಿಯಾಗಿತ್ತು. ಕಾಂಡದೊಳಗೆ ಕಪ್ಪು ಕಾಣದಷ್ಟು ಮೇಲಕ್ಕೆ ಕತ್ತರಿಸಿ, ನೆರಳಲ್ಲಿ 5 ದಿನ ಸುಮ್ನೆ ಇಟ್ಟೆ. ಕೊಯ್ದ ಜಾಗ ಒಣಗಿ ಗಟ್ಟಿಯಾಯಿತು. ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಕೆಂಪು ಮಣ್ಣು, ಒಂದು ಹಿಡಿ ಗೊಬ್ಬರ ಬೆರೆಸಿ ಅದರಲ್ಲಿ ನೆಟ್ಟೆ. ಉದುರಿದ ಎಲೆಗಳನ್ನೂ ಮಣ್ಣಿನ ಮೇಲೆ ಹರಡಿದ್ದೆ. ಕಾಡುಬಸಳೆ ಎಲೆ ಬಿದ್ದಲ್ಲೆಲ್ಲ ಅಂಚಿನಿಂದ ಮರಿ ಹಾಕುತ್ತದಲ್ವಾ, ಇದೂ ಅದೇ ಕುಟುಂಬ ಅನ್ನೋ ಆಸೆ. ಒಂದೂ ಚಿಗುರಲಿಲ್ಲ. ಇದಕ್ಕೆ ಕಾಂಡದ ತುಂಡೇ ಬೇಕು.

ಈಗ ಮಾರ್ಚ್ ಕೊನೆಗೆ ಕುಂಡ ಸಜ್ಜಾ ಕೆಳಗೆ ಹೋಗುತ್ತದೆ. ಬೆಳಗಿನ ಬಿಸಿಲು ಸಾಕು, ಮಳೆ ಹನಿ ತಾಕಬಾರದು. 15 ದಿನಕ್ಕೊಮ್ಮೆ ಕಾಂಡ ಮುಟ್ಟಿ ನೋಡುತ್ತೇನೆ. ಸುಕ್ಕಾಗಿದ್ದರಷ್ಟೇ ಅರ್ಧ ಲೋಟ ನೀರು. ಊರೆಲ್ಲ ಹಸಿರಾಗಿರುವಾಗ ಇದೊಂದು ಬೋಳು ಕಡ್ಡಿಯಾಗಿ ನಿಂತಿರುತ್ತದೆ. ನೋಡೋಕೆ ಬೇಜಾರೇ. ಮಳೆ ಬಿಟ್ಟು ಚಳಿ ಹಿಡಿಯುವ ಹೊತ್ತಿಗೆ ಸುತ್ತಿನ ನಡುವೆ ಎಳೆ ಹಸಿರು ಇಣುಕುತ್ತದೆ. ಅವತ್ತಿನಿಂದ ಧಾರಾಳವಾಗಿ ನೀರು.

ಹೋದ ಸಲ ಒಂದು ಕೊಂಬೆ ಹೂ ಬಿಟ್ಟಿತು, ಮಾಸಲು ಹಳದಿ. ಹೂ ಬಾಡಿದ ಮೇಲೆ ಆ ಕೊಂಬೆಯೂ ಸತ್ತಿತು. ಗೊನೆ ಹಾಕಿದ ಬಾಳೆಯ ಹಾಗೆ, ಇದರ ಜಾಯಮಾನವೇ ಅದು. ಪಕ್ಕದ ಆರು ಕೊಂಬೆ ಚೆನ್ನಾಗಿವೆ. ಮೇ ತಿಂಗಳಲ್ಲಿ ಅತ್ತೆ ಮಾತ್ರ ಈಗಲೂ ಚೊಂಬು ಹಿಡಿದು ಅದರ ಮುಂದೆ ನಿಲ್ಲುತ್ತಾರೆ.