ಒಂದು ಹೂಪ್, ಎರಡು ಸೊಂಟ: ಜೊತೆಗೂಡಿ ಹೂಲಾ ಹೂಪ್ ಕಲಿಯುವುದು ಹೇಗೆ?

ಸೊಂಟದ ಸುತ್ತ ತಿರುಗಿಸುವ ದೊಡ್ಡ ಬಳೆಯಂಥ ಹೂಲಾ ಹೂಪ್ ಕಲಿಯಲು ಹೊರಟ ಜೋಡಿಗಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ದೊಡ್ಡದೊಂದು ಹೂಪ್ ತಂದು ಮೊದಲ ದಿನವೇ ಇಬ್ಬರೂ ಅದರೊಳಗೆ ನಿಂತುಬಿಡುವುದು. ಎರಡು ಸುತ್ತು ಮುಗಿಯುವ ಮುನ್ನವೇ ಹೂಪ್ ನೆಲ ಸೇರುತ್ತದೆ. ತಪ್ಪಿದ್ದು ಯಾರೆಂದು ತಿಳಿಯದೆ ಸಣ್ಣದೊಂದು ಜಗಳವೂ ಆಗುತ್ತದೆ. ನಾವೂ ಹಾಗೆಯೇ ಶುರುಮಾಡಿದವರು. ತಾರಸಿಯ ಮೇಲೆ ಒಂದು ವಾರ ಹೆಣಗಿದ ಮೇಲೆ ತಿಳಿದದ್ದಿಷ್ಟು: ತಿರುಗಿಸುವವರಿಗೆ ತಮ್ಮ ಬೆನ್ನ ಹಿಂದೆ ಹೂಪ್ ಯಾವ ಮಟ್ಟದಲ್ಲಿದೆ ಎಂಬುದು ಎಂದಿಗೂ ಕಾಣುವುದಿಲ್ಲ, ಅದು ಕಾಣುವುದು ಎದುರಿಗಿರುವವರಿಗೆ ಮಾತ್ರ. ಆದ್ದರಿಂದ ಮೊದಲು ಒಬ್ಬರು ತಿರುಗಿಸಿ ಮತ್ತೊಬ್ಬರು ನೋಡಿ ಹೇಳುತ್ತ ಕಲಿತು, ಇಬ್ಬರಿಗೂ ಹದ ಸಿಕ್ಕ ನಂತರವೇ ಒಂದೇ ಹೂಪಿನೊಳಗೆ ಸೇರುವುದು ಸರಿಯಾದ ಕ್ರಮ.

ಹೂಪ್ ಎಷ್ಟು ದೊಡ್ಡದಿರಬೇಕು?

ಆಟಿಕೆ ಅಂಗಡಿಗಳಲ್ಲಿ ತೂಗುಹಾಕಿರುವ, ತುಂಡುಗಳನ್ನು ಜೋಡಿಸಿ ಮಾಡುವ ಬಣ್ಣದ ಹೂಪುಗಳು ಮಕ್ಕಳ ಅಳತೆಯವು. ದೊಡ್ಡವರು ಅವುಗಳಲ್ಲಿ ಪ್ರಯತ್ನಿಸಿ, ‘ಇದು ನಮ್ಮಿಂದಾಗದು’ ಎಂದು ಕೈಬಿಡುವುದೇ ಹೆಚ್ಚು. ಹೂಪ್ ಚಿಕ್ಕದಾದಷ್ಟೂ ಬೇಗಬೇಗನೆ ಸುತ್ತಬೇಕಾಗುತ್ತದೆ, ಸೊಂಟವೂ ಅದೇ ವೇಗದಲ್ಲಿ ಆಡಬೇಕಾಗುತ್ತದೆ. ದೊಡ್ಡ ಹೂಪ್ ನಿಧಾನವಾಗಿ ಸುತ್ತುವುದರಿಂದ ಹೊಸಬರಿಗೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದಾಗ ಹೂಪಿನ ಮೇಲಂಚು ಹೊಕ್ಕುಳಿಗೂ ಎದೆಗೂ ನಡುವೆ ಬರಬೇಕು. ಬಹುಪಾಲು ವಯಸ್ಕರಿಗೆ ಇದು 95ರಿಂದ 105 ಸೆಂ.ಮೀ. ವ್ಯಾಸ.

ಇಂಥ ಹೂಪನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿಯಾಗಿ ಸಿಗುವ 20 ಮಿ.ಮೀ.ನ ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು 3.2 ಮೀಟರ್ ಉದ್ದಕ್ಕೆ ಕತ್ತರಿಸಿದರೆ ಸುಮಾರು ಒಂದು ಮೀಟರ್ ವ್ಯಾಸದ ಹೂಪ್ ಆಗುತ್ತದೆ. ತೋಟಕ್ಕೆ ಎಳೆಯುವ ತೆಳು ಡ್ರಿಪ್ ಪೈಪು ಇದಕ್ಕೆ ಬೇಡ. ಅದು ಬಳುಕಿ, ತಿರುಗುವಾಗ ಮೊಟ್ಟೆಯ ಆಕಾರ ತಾಳುತ್ತದೆ. ಜೋಡಿಸುವ ಕೆಲಸಕ್ಕೆ ನಾಲ್ಕು ಕೈ ಬೇಕು. ಒಬ್ಬರು ಪೈಪಿನ ತುದಿಯನ್ನು ಸ್ಟೀಲ್ ಲೋಟದ ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ಹಿಡಿದು, ಮೆತ್ತಗಾದ ಕೂಡಲೇ ದಪ್ಪ ಬಟ್ಟೆಯಿಂದ ಬಿಗಿಯಾಗಿ ಹಿಡಿದುಕೊಂಡರೆ, ಮತ್ತೊಬ್ಬರು ಒಳಗೆ ಕೂರುವ ಜಾಯಿಂಟನ್ನು ತಿರುಚುತ್ತ ತಳ್ಳಬೇಕು. ಇನ್ನೊಂದು ತುದಿಗೂ ಹೀಗೆಯೇ ಮಾಡಬೇಕು. ಪೈಪು ತಣಿದಾಗ ಜಾಯಿಂಟನ್ನು ಕಚ್ಚಿಕೊಳ್ಳುತ್ತದೆ. ಕಡೆಗೆ ಹೂಪಿನ ಒಳಮೈಗೆ ಒರಟಾದ ಬಟ್ಟೆ ಟೇಪ್ ಸುತ್ತಿದರೆ ಅದು ದೇಹದ ಮೇಲೆ ಜಾರುವುದಿಲ್ಲ. ಇಬ್ಬರ ಹೂಪಿಗೆ 25 ಮಿ.ಮೀ. ಪೈಪು 4.5 ಮೀಟರ್ ಬೇಕು. ಅದನ್ನು ಈಗಲೇ ಮಾಡಿ ಬದಿಗಿಡಬಹುದು.

ಹೀಗೆ ಮನೆಯಲ್ಲೇ ಮಾಡುವುದು ಈ ಆಟಕ್ಕೆ ಹೊಸತೇನಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾಮ್-ಓ ಕಂಪನಿಯ ರಿಚರ್ಡ್ ನೆರ್ ಮತ್ತು ಆರ್ಥರ್ ಮೆಲಿನ್ ಪ್ಲಾಸ್ಟಿಕ್ ಹೂಪನ್ನು ಮಾರುಕಟ್ಟೆಗೆ ತಂದು ಅಮೆರಿಕವನ್ನೇ ಕುಣಿಸಿದ್ದು, ಆಸ್ಟ್ರೇಲಿಯಾದ ಮಕ್ಕಳು ಬಿದಿರಿನ ಬಳೆಗಳನ್ನು ಸೊಂಟದಲ್ಲಿ ತಿರುಗಿಸುತ್ತಿದ್ದ ಸುದ್ದಿ ಕೇಳಿದ ಮೇಲೆ. ‘ಹೂಲಾ’ ಎಂಬ ಹೆಸರು ಮಾತ್ರ ಹವಾಯಿ ದ್ವೀಪಗಳ ನೃತ್ಯದಿಂದ ಬಂದದ್ದು.

ಉಡುಪಿನ ವಿಷಯದಲ್ಲಿ ಹತ್ತಿ ಬಟ್ಟೆ ಹೂಪನ್ನು ಹಿಡಿದಿಡುತ್ತದೆ, ನುಣುಪಾದ ಸಿಂಥೆಟಿಕ್ ಬಟ್ಟೆ ಜಾರಿಸುತ್ತದೆ ಎಂಬುದಷ್ಟೇ ನೆನಪಿರಲಿ. ಸೀರೆಯಲ್ಲಿ ಇದೆಲ್ಲ ಆಗದು ಎನ್ನುವವರು, 2020ರಲ್ಲಿ ದೆಹಲಿಯ ಹೂಪ್ ನರ್ತಕಿ ಎಶ್ನಾ ಕುಟ್ಟಿ ಸೀರೆ ಉಟ್ಟು, ಸ್ನೀಕರ್ಸ್ ತೊಟ್ಟು ಹೂಪ್ ತಿರುಗಿಸಿದ ವಿಡಿಯೊ ನೋಡಬಹುದು.

ಮೊದಲ ಸುತ್ತು

ಸುತ್ತಲೂ ಎರಡು ಮಾರು ಜಾಗ ಖಾಲಿಯಿರಬೇಕು. ಒಂದು ಪಾದವನ್ನು ಅರ್ಧ ಹೆಜ್ಜೆ ಮುಂದಿಟ್ಟು, ಮೊಣಕಾಲುಗಳನ್ನು ತುಸು ಸಡಿಲಬಿಟ್ಟು, ಹೂಪನ್ನು ಹೊಕ್ಕುಳಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬೆನ್ನಿಗೆ ಒತ್ತಿಕೊಂಡು ನೆಲಕ್ಕೆ ಸಮಾಂತರವಾಗಿ ಹಿಡಿಯಬೇಕು. ಬಳಿಕ ಎರಡೂ ಕೈಗಳಿಂದ ಅದನ್ನು ಬಲದಿಂದ ಎಡಕ್ಕೆ ಬೀಸಿ ಬಿಡಬೇಕು. ಬಲಗೈ ಬಳಸುವ ಹೆಚ್ಚಿನವರಿಗೆ ಈ ದಿಕ್ಕೇ ಒಗ್ಗುತ್ತದೆ. ಮೇಲಿನಿಂದ ನೋಡಿದರೆ ಇದು ಅಪ್ರದಕ್ಷಿಣೆ, ಆದರೆ ಹೂಪಿಗೆ ಆ ದೋಷವಿಲ್ಲ. ಕೆಲವರಿಗೆ ಎದುರು ದಿಕ್ಕು ಸುಲಭವೆನಿಸಬಹುದು. ಎರಡನ್ನೂ ಹತ್ತು ಹತ್ತು ಸಲ ಮಾಡಿ ನೋಡಿ, ಹೆಚ್ಚು ಹೊತ್ತು ನಿಂತದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ. ಹೂಪ್ ಗುಂಡಗಿದೆ, ಆದ್ದರಿಂದ ಸೊಂಟವನ್ನೂ ಗುಂಡಗೆ ತಿರುಗಿಸಬೇಕು ಎಂದು ಭಾವಿಸಿ, ರುಬ್ಬುಗುಂಡಿನಂತೆ ಸೊಂಟ ಸುತ್ತಿಸುತ್ತಾರೆ. ವಾಸ್ತವದಲ್ಲಿ ತಿರುಗುತ್ತಿರುವ ಹೂಪ್ ಯಾವುದೇ ಕ್ಷಣದಲ್ಲಿ ದೇಹವನ್ನು ಒಂದೇ ಕಡೆ ತಾಗುತ್ತಿರುತ್ತದೆ, ಆ ತಾಗುವ ಜಾಗ ಸೊಂಟದ ಸುತ್ತ ಓಡುತ್ತಿರುತ್ತದೆ. ಅದು ಹೊಟ್ಟೆಯ ಮೇಲೆ ಹಾದಾಗ ಹೊಟ್ಟೆಯನ್ನು ಮುಂದಕ್ಕೆ, ಬೆನ್ನಿನ ಮೇಲೆ ಹಾದಾಗ ಬೆನ್ನನ್ನು ಹಿಂದಕ್ಕೆ ಒಮ್ಮೆ ಚುರುಕಾಗಿ ತಳ್ಳಿದರೆ ಸಾಕು, ಹೂಪಿಗೆ ಬೇಕಾದ ವೇಗ ಸಿಗುತ್ತದೆ. ಉಯ್ಯಾಲೆಯಲ್ಲಿ ಕೂತ ಮಗುವನ್ನು ತಳ್ಳುವಾಗ ಹೊತ್ತು ನೋಡಿ ಕೈ ಹಾಕುವಂತೆಯೇ ಇದೂ.

ಜೊತೆಗಾರರು ಆರಡಿ ದೂರದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಕಣ್ಣನ್ನು ಹೂಪಿನ ಮಟ್ಟಕ್ಕೆ ತಂದುಕೊಳ್ಳಬೇಕು. ನಿಂತು ನೋಡಿದರೆ ಹೂಪಿನ ಓರೆ ತಿಳಿಯುವುದಿಲ್ಲ. ಅವರು ಭಾಷಣ ಮಾಡಬಾರದು. ಹೂಪ್ ಗಾಳಿಯಲ್ಲಿರುವ ಮೂರು ಸೆಕೆಂಡಿನಲ್ಲಿ ಕಿವಿಗೆ ಬೀಳುವುದು ಒಂದೇ ಪದ. ನಮ್ಮ ಮನೆಯಲ್ಲಿ ಮೂರು ಪದ ಗೊತ್ತುಮಾಡಿಕೊಂಡೆವು. ಕೈಬಿಡುವಾಗ ಹೂಪಿನ ಒಂದು ಬದಿ ಇಳಿದಿದ್ದರೆ ‘ಓರೆ’. ಹೂಪ್ ಹೊಟ್ಟೆಯನ್ನು ದಾಟಿಹೋದ ಮೇಲೆ ತಳ್ಳುತ್ತಿದ್ದರೆ ‘ತಡ’. ಹೂಪನ್ನು ನೋಡಲೆಂದು ತಲೆ ಬಗ್ಗಿಸಿದರೆ ‘ತಲೆ’. ಮೂರನೆಯದನ್ನು ನಮ್ಮ ಮನೆಯವರು ನನಗೆ ಹೇಳಿದಷ್ಟು ಸಲ ಬೇರೇನನ್ನೂ ಹೇಳಿಲ್ಲ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ನೋಡಿಕೊಳ್ಳಬಹುದು, ನಿಜ, ಆದರೆ ಅದು ತಪ್ಪನ್ನು ತೋರಿಸುವುದು ಹೂಪ್ ಬಿದ್ದ ಮೇಲೆ. ಹತ್ತು ಪ್ರಯತ್ನಕ್ಕೊಮ್ಮೆ ಜಾಗ ಬದಲಿಸಿಕೊಂಡರೆ ಇಬ್ಬರ ಬೆನ್ನಿಗೂ ವಿಶ್ರಾಂತಿ ಸಿಗುತ್ತದೆ. ಹೂಪ್ ಸೊಂಟದಿಂದ ಜಾರತೊಡಗಿದರೆ ನಿಲ್ಲಿಸಬಾರದು. ಮೊಣಕಾಲು ಬಗ್ಗಿಸಿ, ತಳ್ಳುವ ವೇಗವನ್ನು ಇಮ್ಮಡಿಗೊಳಿಸಿದರೆ ಅನೇಕ ಬಾರಿ ಅದು ಮತ್ತೆ ಮೇಲೇರುತ್ತದೆ.

ಇಬ್ಬರಲ್ಲಿ ಒಬ್ಬರು ಬೇಗ ಕಲಿಯುವುದು ಸಹಜ, ಅದಕ್ಕೆ ಮೈಕಟ್ಟೂ ಕಾರಣವಾಗಿರಬಹುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಸಿಲಿಂಡರ್, ಶಂಕು ಮತ್ತು ನಡು ಸಣ್ಣದಿರುವ ಡಮರುವಿನಂಥ ಆಕೃತಿಗಳನ್ನು ಯಂತ್ರದಿಂದ ಅಲುಗಾಡಿಸಿ ಹೂಪ್ ತಿರುಗಿಸಿ ನೋಡಿದ್ದಾರೆ. ಹೂಪನ್ನು ಸುತ್ತಿಸುವುದು ಎಲ್ಲ ಆಕೃತಿಗಳಿಗೂ ಸಾಧ್ಯವಾಯಿತು. ಕೆಳಗೆ ಬೀಳದಂತೆ ಸ್ಥಿರವಾಗಿ ಹಿಡಿದಿಟ್ಟದ್ದು ಇಳಿಜಾರಾದ ಪಿರ್ರೆ ಮತ್ತು ಒಳಬಾಗಿದ ನಡು ಎರಡೂ ಇದ್ದ ಆಕೃತಿ. ಕಂಬದಂತೆ ನೇರ ಮೈಯವರು ಹೆಚ್ಚು ಚುರುಕಾಗಿ ತಳ್ಳಬೇಕಾದೀತು, ಅಷ್ಟೆ.

ಇಬ್ಬರೂ ಒಳಗೆ

ಇಬ್ಬರೂ ಬೇರೆ ಬೇರೆಯಾಗಿ ಒಂದು ನಿಮಿಷ ಹೂಪ್ ಬೀಳದಂತೆ ತಿರುಗಿಸಬಲ್ಲವರಾದ ಮೇಲೆ, ಎರಡು ದಿನ ಎದುರುಬದುರಾಗಿ ನಿಂತು ತಮ್ಮ ತಮ್ಮ ಹೂಪುಗಳನ್ನು ಒಂದೇ ಲಯದಲ್ಲಿ ತಿರುಗಿಸಬೇಕು. ಬಾಯಿಯಲ್ಲಿ ಎಣಿಸುವುದು ಸುಲಭವೆನಿಸಿದರೂ ಕನ್ನಡದ ಅಂಕಿಗಳು ಇಲ್ಲಿ ಕೈಕೊಡುತ್ತವೆ: ಒಂದು, ಎರಡು, ಮೂರು ಎಂದು ಹತ್ತರವರೆಗೆ ಸರಾಗವಾಗಿ ಹೋದ ಎಣಿಕೆ ಹನ್ನೊಂದಕ್ಕೆ ಬಂದೊಡನೆ ಉದ್ದವಾಗಿ, ಲಯ ಕುಂಟುತ್ತದೆ. ‘ತಕ’ ಎಂದಾಗ ಮುಂದಕ್ಕೆ, ‘ಧಿಮಿ’ ಎಂದಾಗ ಹಿಂದಕ್ಕೆ ಎಂದು ಹೇಳಿಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು.

ನಂತರ ದೊಡ್ಡ ಹೂಪಿನೊಳಗೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ, ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು. ಎದುರುಬದುರಾಗಿ ನಿಂತರೆ ಒಬ್ಬರ ‘ಮುಂದೆ’ ಮತ್ತೊಬ್ಬರ ‘ಹಿಂದೆ’ಯಾಗಿ ಹೊಸಬರು ಗೊಂದಲಕ್ಕೀಡಾಗುತ್ತಾರೆ. ಎತ್ತರದವರು ಹಿಂದಿರಲಿ, ಅವರೇ ಮೊಣಕಾಲು ಬಗ್ಗಿಸಿ ಇಬ್ಬರ ಸೊಂಟವನ್ನೂ ಒಂದೇ ಮಟ್ಟಕ್ಕೆ ತರಲಿ. ಹಿಂದಿನವರು ಮುಂದಿನವರ ಹೆಗಲ ಮೇಲೆ ಕೈಯಿಟ್ಟು, ನಡುವೆ ಒಂದು ಗೇಣಿಗಿಂತ ಹೆಚ್ಚು ಸಂದು ಬಿಡದೆ ನಿಲ್ಲಬೇಕು. ಸಂದು ಅಗಲವಾದರೆ ಹೂಪ್ ಎರಡು ದೇಹಗಳ ನಡುವಿನ ಖಾಲಿಯಲ್ಲಿ ವೇಗ ಕಳೆದುಕೊಳ್ಳುತ್ತದೆ. ಹೂಪನ್ನು ಹಿಡಿದು ಬೀಸುವುದು ಮುಂದಿನವರ ಕೆಲಸ. ಇಲ್ಲಿ ಹೂಪ್ ತಾಗುವುದು ಮುಂದಿನವರ ಹೊಟ್ಟೆಗೆ ಮತ್ತು ಹಿಂದಿನವರ ಬೆನ್ನಿಗೆ, ಆದ್ದರಿಂದ ‘ತಕ’ ಮುಂದಿನವರದು, ‘ಧಿಮಿ’ ಹಿಂದಿನವರದು. ಆದರೂ ಇಬ್ಬರೂ ಎರಡಕ್ಕೂ ಒಟ್ಟಿಗೆ ಆಡಬೇಕು. ಲಯ ಹೇಳುವವರು ಒಬ್ಬರೇ ಆಗಿರಲಿ. ನಮ್ಮ ಅನುಭವದಲ್ಲಿ ಹಿಂದಿನವರು ಹೇಳುವುದು ಲೇಸು, ಏಕೆಂದರೆ ಮುಂದಿನವರಿಗೆ ಆ ದನಿ ಕಿವಿಯ ಹತ್ತಿರವೇ ಕೇಳಿಸುತ್ತದೆ. ನಿಲ್ಲಿಸುವಾಗ ಹೂಪನ್ನು ಕೈಯಿಂದ ಹಿಡಿಯಲು ಹೋಗದೆ, ಅಲುಗಾಟ ನಿಲ್ಲಿಸಿ ಅದನ್ನು ಕಾಲ ಬುಡಕ್ಕೆ ಬೀಳಲು ಬಿಟ್ಟರೆ ಬೆರಳಿಗೆ ಪೆಟ್ಟಾಗುವುದಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ದಿನಗಳಲ್ಲಿ ಸೊಂಟದ ಎಲುಬಿನ ಮೇಲೆ ಚರ್ಮ ಕೆಂಪಾಗುವುದು, ಕಂದುವುದು ಉಂಟು. ನೋವಿದ್ದರೆ ಎರಡು ದಿನ ಬಿಡಬೇಕು. ಬೆನ್ನುನೋವಿನವರು, ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಪ್ರಾರಂಭಿಸಬಾರದು. ‘ವಾರದಲ್ಲಿ ಸೊಂಟ ಕರಗಿಸುವ’ ಭಾರದ ಹೂಪುಗಳ ಜಾಹೀರಾತನ್ನು ನಂಬಬೇಕಿಲ್ಲ. ವ್ಯಾಯಾಮ ಮಾಡಿದ ಜಾಗದ ಕೊಬ್ಬು ಮಾತ್ರ ಕರಗುವುದೆಂಬುದಿಲ್ಲ, ಭಾರದಿಂದ ಗಾಯವಾಗುವ ಸಂಭವ ಮಾತ್ರ ಉಂಟು.

ಆಟ ಮುಗಿದ ಮೇಲೆ ಹೂಪನ್ನು ಬಿಸಿಲಿನಲ್ಲಿ ಒಂದೇ ಮೊಳೆಗೆ ತೂಗುಹಾಕಿದರೆ ಅದು ಉದ್ದುದ್ದಕ್ಕೆ ಜೋತು ಆಕಾರ ಕೆಡುತ್ತದೆ. ಮಂಚದ ಕೆಳಗೆ ಚಪ್ಪಟೆಯಾಗಿ ಮಲಗಿಸಬೇಕು. ಇಬ್ಬರ ಹೂಪ್ ಅಲ್ಲಿ ಹಿಡಿಯದಿದ್ದರೆ ನೆರಳಿನ ಗೋಡೆಗೆ ಒಂದು ಮೊಳ ಅಂತರದಲ್ಲಿ ಎರಡು ಮೊಳೆ ಹೊಡೆಯಬೇಕು.