ಎದುರುಗಾಳಿಯಲ್ಲಿ ರಾಯಚೂರು–ಗಂಗಾವತಿ: 24 ಸೈಕಲ್, ಖಾಲಿ ವ್ಯಾನ್

ಶಾಲೆಯ ಶೌಚಾಲಯಕ್ಕೆ ದಾನ ಕೂಡಿಸುವ ನಮ್ಮ ಸೈಕಲ್ ಸವಾರಿಯಲ್ಲಿ ನಿಧಾನದವರ ವೇಗಕ್ಕೆ ಹೋದರೆ ಸಿಂಧನೂರಿನಲ್ಲೇ ಕತ್ತಲಾಗುತ್ತದೆ ಅಂದವರೇ ಹೆಚ್ಚು. ಈ ಸಲ ಆಗಸ್ಟಿನಲ್ಲಿ ರಾಯಚೂರು ಬಿಟ್ಟದ್ದು 24 ಸೈಕಲ್, ಗಂಗಾವತಿ ಮುಟ್ಟಿದ್ದೂ 24. ಸುಸ್ತಾದವರಿಗೆಂದು ಜೊತೆಗಿದ್ದ ವ್ಯಾನಿನಲ್ಲಿ ಕೂತು ಬಂದದ್ದು ನೀರಿನ ಕ್ಯಾನುಗಳು ಮಾತ್ರ. ನಾಲ್ಕು ದಿನದ ಸವಾರಿಯಲ್ಲಿ ಹೈರಾಣ ಮಾಡುವ ದಿನ ಇದೇ: ಮಾನ್ವಿ, ಪೋತ್ನಾಳ, ಸಿಂಧನೂರು, ಕಾರಟಗಿ ಹಾದು ಹೆಚ್ಚುಕಡಿಮೆ 140 ಕಿ.ಮೀ. ಹೇಳಿಕೊಳ್ಳುವಂಥ ಏರೇನೂ ಇಲ್ಲ. ಸಾಯಿಸುವುದು ಗಾಳಿ ಮತ್ತು ಮುಳ್ಳು.

ಮೊದಲು ದುಡ್ಡಿನ ಮಾತು. ನಮ್ಮ ದಾನಿಗಳು ಕಿಲೋಮೀಟರಿಗಿಷ್ಟು ಅಂತ ಬರೆದುಕೊಡುತ್ತಾರೆ. ಒಬ್ಬ ಸವಾರನ ಹೆಸರಿನಲ್ಲಿ ಎಲ್ಲರದೂ ಸೇರಿ ಸುಮಾರು 25 ರೂಪಾಯಿ. ವ್ಯಾನ್ ಹತ್ತಿದ ದೂರ ಲೆಕ್ಕಕ್ಕಿಲ್ಲ. ಹೋದ ವರ್ಷ ಸಿಂಧನೂರಿನಲ್ಲೇ ಒಂಬತ್ತು ಮಂದಿ ಹತ್ತಿಬಿಟ್ಟರು. ಉಳಿದ 50 ಕಿ.ಮೀ.ಗೆ ಶಾಲೆಯ ಶೌಚಾಲಯಕ್ಕೆ ಸೇರಬೇಕಿದ್ದ ಹನ್ನೊಂದು ಸಾವಿರ ಚಿಲ್ಲರೆ ಹೋಯಿತು. ಅದರ ಮೇಲೆ ಹೊಸ ಟ್ಯೂಬಿಗೇ ಏಳು ಸಾವಿರದ ತನಕ ಸುರಿದಿದ್ದೆವು. ಅದು ಪ್ರವೇಶ ಶುಲ್ಕದ ದುಡ್ಡು. ದಾನದ ಹಣಕ್ಕೆ ಕೈ ಹಾಕುವುದಿಲ್ಲ.

ಹೋದ ವರ್ಷ ಆ ದಿನ ಪಂಚರ್ ಮೂವತ್ತರ ಮೇಲೆ. ಬಳ್ಳಾರಿ ಜಾಲಿ ಕಡಿದು ಹೊಲಕ್ಕೆ ಬೇಲಿ ಹಾಕಿದ ಕಡೆಯೆಲ್ಲ ರಸ್ತೆ ಅಂಚಿಗೆ ಮುಳ್ಳು ಉದುರಿರುತ್ತದೆ. ಈ ಮುಳ್ಳು ಚುಚ್ಚಿ ಸುಮ್ಮನಾಗುವುದಿಲ್ಲ, ತುದಿ ಮುರಿದು ಟೈರಿನ ರಬ್ಬರಿನೊಳಗೇ ಉಳಿಯುತ್ತದೆ. ಹೊಸ ಟ್ಯೂಬ್ ಹಾಕಿ ಹತ್ತು ಕಿ.ಮೀ. ಹೋದರೆ ಅದೇ ಜಾಗದಲ್ಲಿ ಮತ್ತೆ ಹವಾ ಇಳಿಯುತ್ತದೆ. ಒಂದೇ ಟೈರಿಗೆ ಮೂರು ಟ್ಯೂಬ್ ಬದಲಿಸಿದ ಮೇಲೆ ಇದು ತಲೆಗೆ ಹೊಳೆಯಿತು. ಬೆರಳಾಡಿಸಿದರೆ ಸಿಗುವುದಿಲ್ಲ, ಅರಳೆಗೆ ಸಿಗುತ್ತದೆ. ರಾಯಚೂರಿನಲ್ಲಿ ಅರಳೆಗೇನು ಬರ? ಒಂದು ಹಿಡಿ ತೆಗೆದುಕೊಂಡು ಟೈರಿನ ಒಳಮೈಗೆ ಒಂದು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ ಸವರಬೇಕು. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೇ ಮುಳ್ಳು. ಒಳಗಿನಿಂದ ದಬ್ಬಣದಲ್ಲಿ ಒತ್ತಿ ಹೊರಗಿನಿಂದ ಚಿಮಟದಲ್ಲಿ ಎಳೆಯಿರಿ. ಎರಡೂ ಕಡೆ ಸವರುವುದನ್ನು ಬಿಡಬೇಡಿ, ಓರೆಯಾಗಿ ನೆಟ್ಟ ಮುಳ್ಳು ಒಂದೇ ದಿಕ್ಕಿನಲ್ಲಿ ಎಳೆ ಹಿಡಿಯುತ್ತದೆ.

ಭಾರ ಬೀಳುವ ಹಿಂದಿನ ಗಾಲಿಗೆ, ಟೈರಿಗೂ ಟ್ಯೂಬಿಗೂ ನಡುವೆ, ಹಳೆ ಸ್ಕೂಟರ್ ಟ್ಯೂಬಿನ ಪಟ್ಟಿ. 32 ಮಿ.ಮೀ. ಟೈರಿಗೆ ಮೂರು ಸೆಂ.ಮೀ. ಅಗಲ ಸಾಕು. ಗುಜರಿಯಲ್ಲಿ ಟ್ಯೂಬಿಗೆ ಹತ್ತೋ ಹದಿನೈದೋ ಕೊಟ್ಟ ನೆನಪು. ಮೊದಲ ಪ್ರಯತ್ನ ಹಾಳಾಯಿತು: ಕತ್ತರಿಸಿದ ಅಂಚೇ ಟ್ಯೂಬನ್ನು ಗರಗಸದಂತೆ ಉಜ್ಜಿ, 60 ಕಿ.ಮೀ. ಆಗುವಷ್ಟರಲ್ಲಿ ಸಾಲಾಗಿ ಸೂಜಿತೂತು. ಈಗ ಅಂಚನ್ನು 80ನೇ ನಂಬರಿನ ಉಪ್ಪುಕಾಗದದಲ್ಲಿ ಇಳಿಜಾರಾಗಿ ಉಜ್ಜುತ್ತೇವೆ. ಕೊನೆಗಳು ಒಂದರ ಮೇಲೊಂದು ಕೂರುವ ಎರಡು ಇಂಚನ್ನು ಕಾಗದದಷ್ಟು ತೆಳು ಮಾಡಿ, ಮೇಲೆ ಧಾರಾಳವಾಗಿ ಟಾಲ್ಕಂ ಪುಡಿ ಉದುರಿಸುತ್ತೇವೆ. ಮುಂದಿನ ಗಾಲಿಗೆ ಪಟ್ಟಿ ಬೇಡ, ಓಟ ಭಾರವಾಗುತ್ತದೆ. ಟ್ಯೂಬಿನೊಳಗೆ 60 ಮಿ.ಲೀ. ಸೀಲೆಂಟ್ (ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ) ಸಾಕು. ಉಳಿತಾಯಕ್ಕೆಂದು ಮೈದಾ ಅಂಟು ತುಂಬಿಸಿಯೂ ನೋಡಿದ್ದಾಯಿತು. ಎರಡನೇ ದಿನಕ್ಕೆ ವಾಲ್ವ್ ಕಟ್ಟಿಕೊಂಡಿತು, ಬಿಚ್ಚಿದರೆ ವಾಸನೆ. ಬಾಟಲಿ ಸೀಲೆಂಟಿಗೆ ನಾನು ಸೇರಿಸುವ ಒಂದು ಚಿಟಿಕೆ ಪುಡಿ ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಸಲ ಎಲ್ಲ ಸೇರಿ ಖರ್ಚು ಮೂರು ಸಾವಿರದ ಆಸುಪಾಸು, ಪಂಚರ್ ಆರು.

ಪ್ರೆಸ್ಟಾ ವಾಲ್ವಿನವರು (ಲಾರಿಯ ಹವಾ ಪೈಪಿಗೆ ಕೂರದ ಸಣ್ಣ ವಾಲ್ವ್) ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲೇ ಇಡಿ. ಅದಿದ್ದರೆ ಯಾವ ಲಾರಿ ಟೈರ್ ಅಂಗಡಿಯಲ್ಲೂ ಹವಾ ಸಿಗುತ್ತದೆ. ಆದರೆ ಲಾರಿಯ ಒತ್ತಡ ನೂರು ಪಿಎಸ್ಐ ದಾಟಿರುತ್ತದೆ. ಹುಡುಗ ಒಂದೇ ಸಲ ಒತ್ತಿ ಹಿಡಿದರೆ ಟ್ಯೂಬ್ ಢಂ. ಚೂರು ಚೂರೇ ಬಿಡಿಸಿ ಮೀಟರ್ ನೋಡಿಕೊಳ್ಳಿ. ನಮ್ಮದು ಹಿಂದೆ 65, ಮುಂದೆ 60.

ಇನ್ನು ಗಾಳಿ. ಆಗಸ್ಟಿನಲ್ಲಿ ಅದು ಪಶ್ಚಿಮ–ನೈಋತ್ಯದಿಂದ ಬರುತ್ತದೆ, ಸಿಂಧನೂರಿನ ತನಕ ರಸ್ತೆ ಹೋಗುವುದೂ ನೈಋತ್ಯಕ್ಕೇ. ರಾತ್ರಿ ಮಂದ, ಬಿಸಿಲೇರಿದಂತೆ ಜೋರು. ಹೋದ ವರ್ಷ ಆರೂವರೆಗೆ ಬಿಟ್ಟು, ಮಾನ್ವಿ ತನಕ ಗಂಟೆಗೆ 24 ಕಿ.ಮೀ. ವೇಗದಲ್ಲಿ ಹಾರಿ, ಪೋತ್ನಾಳದ ಹೊತ್ತಿಗೆ ಅರ್ಧ ತಂಡ ಕಾಲು ಹಿಡಿದು ಕೂತಿತ್ತು. ಈ ಸಲ ಬೆಳಗಿನ ನಾಲ್ಕಕ್ಕೇ ಬಿಟ್ಟೆವು. ಆರಾರು ಜನರ ನಾಲ್ಕು ತಂಡ, ಪ್ರತಿ ತಂಡದಲ್ಲೂ ಎಲ್ಲರಿಗಿಂತ ನಿಧಾನದವರು ಎರಡನೇ ಸ್ಥಾನದಲ್ಲಿ. ಅವರು ಮುಂದೆ ಹೋಗಿ ಗಾಳಿ ತಿನ್ನುವುದೂ ಇಲ್ಲ, ಹಿಂದೆ ಬಿದ್ದು ಕಳಚಿಕೊಳ್ಳುವುದೂ ಇಲ್ಲ. ಅವರ ಗಂಟೆ ಒಮ್ಮೆ ಬಾರಿಸಿತೆಂದರೆ ಮುಂದಿನವನು ಒಂದು ಗೇರ್ ಇಳಿಸಲೇಬೇಕು. ಮುಂದಿನವನ ಸರದಿ ಎರಡು ಕಿ.ಮೀ.; ಆಮೇಲೆ ಅವನು ಬಾಲಕ್ಕೆ, ಮೂರನೆಯವನು ಬಲದಿಂದ ಸುತ್ತಿ ತಲೆಗೆ. ಗಟ್ಟಿಗರು ಗೊಣಗಿದರು, ಇದೇನು ಮದುವೆ ಮೆರವಣಿಗೆಯೇ ಅಂತ. ಸರಾಸರಿ 17 ಬಂತು. ನಿಂತದ್ದೂ ಸೇರಿ ಹತ್ತೂಕಾಲಿಗೆ ಸಿಂಧನೂರು.

ಅಲ್ಲಿಂದ ರಸ್ತೆ ದಕ್ಷಿಣಕ್ಕೆ ತಿರುಗುತ್ತದೆ, ಗಾಳಿ ಬಲ ಹೆಗಲಿಗೆ ಬೀಳುತ್ತದೆ. ಈಗ ಮರೆ ಸಿಗುವುದು ನೇರ ಹಿಂದೆ ಅಲ್ಲ, ಎಡ ಹಿಂದೆ. ಆರು ಜನ ಓರೆಯಾಗಿ ನಿಂತರೆ ಕೊನೆಯ ಇಬ್ಬರು ಟಾರ್ ಬಿಟ್ಟು ಎರೆಮಣ್ಣಿಗೆ ಇಳಿಯುತ್ತಾರೆ, ಅಲ್ಲೇ ಮುಳ್ಳೂ ಇರುವುದು. ಅದಕ್ಕೇ ತಂಡಗಳನ್ನು ಮೂರು ಮೂರಕ್ಕೆ ಒಡೆದೆವು. ಮುಂದಿನವನು ರಸ್ತೆಯ ನಡುವಿನ ಕಡೆಗೆ ಸರಿಯುವುದರಿಂದ ವ್ಯಾನ್ ಹಿಂದೆಯೇ ಬರಬೇಕು, ಭತ್ತದ ಲಾರಿಗಳು ಹಾರ್ನ್ ಹೊಡೆದು ಕಾಯುವ ಜಾತಿಯಲ್ಲ. ಕಾರಟಗಿ ಕಡೆ ನಾಟಿ ಕಾಲ. ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ರಸ್ತೆ ತುಂಬ ಕೆಸರು ಹೆಂಟೆ ಉದುರಿಸಿರುತ್ತದೆ. ಹಸಿ ಹೆಂಟೆಯ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ನೇರ ಇಟ್ಟು ಉರುಳಿಸಿಬಿಡಿ.

ನೀರು ತಲೆಗೆ ಆರು ಲೀಟರ್, 20 ಲೀಟರಿನ ಎಂಟು ಕ್ಯಾನ್. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಮುಕ್ಕಾಲು ಲೀಟರ್ ಬಾಟಲಿಗೆ ಪೂರ್ತಿ ಸುರಿದುಕೊಂಡವರು ಹೋದ ವರ್ಷ ವಾಂತಿ ಮಾಡಿದರು. ಈ ಸಲ ಕ್ಯಾನಿನಲ್ಲೇ ಕಲಸಿ ಕೊಟ್ಟೆವು, ಕ್ಯಾನಿಗೆ ಇಪ್ಪತ್ತು ಪೊಟ್ಟಣ. ಸಿಂಧನೂರಿನಲ್ಲಿ ಮೊಸರನ್ನ, ದಾರಿಯುದ್ದಕ್ಕೂ ಶೇಂಗಾ ಚಿಕ್ಕಿ, ಬಾಳೆಹಣ್ಣು. ವಗ್ಗರಣಿ–ಮಿರ್ಚಿ ಗಂಗಾವತಿ ಮುಟ್ಟುವ ತನಕ ನಿಷಿದ್ಧ. ಬಗ್ಗಿ ತುಳಿಯುವವನ ಎದೆಗೆ ಆ ಎಣ್ಣೆ ಉರಿಯಾಗಿ ಏರುತ್ತದೆ.

ಕೊನೆಯ ತಂಡ ಮುಟ್ಟಿದ್ದು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ಮಿರ್ಚಿ ಪ್ಲೇಟಿಗೆ ಕೈ ಹಾಕುವ ಮೊದಲು ಎಲ್ಲರೂ ಟೈರಿನ ಹೊರಮೈ ಒರೆಸಿ ನೋಡಬೇಕೆಂದು ಕಟ್ಟುನಿಟ್ಟು ಮಾಡಿದ್ದೆ. ಅರ್ಧ ಹೊಕ್ಕ ಮುಳ್ಳು ರಾತ್ರಿಯಿಡೀ ಹವಾ ಕುಡಿದು ಬೆಳಿಗ್ಗೆ ಕೈ ಕೊಡುತ್ತದೆ. ಹನ್ನೊಂದು ಮುಳ್ಳು ಸಿಕ್ಕವು. ಒರೆಸದೆ ಮಲಗಿದ ಇಬ್ಬರದು ಬೆಳಿಗ್ಗೆ ನೆಲ ಕಚ್ಚಿತ್ತು.